ಮನೆಗೆ ಒಂದು ಸಾಲು, ಮಾರಾಟಕ್ಕೆ ಹತ್ತು ಸಾಲು: ಸಾವಯವ ಕಿರಾಣಿಯ ಅಸಲಿ ಲೆಕ್ಕ

ರಟ್ಟೀಹಳ್ಳಿ ಸಂತೆಯಲ್ಲಿ ನಿಂತು ‘ಸಾವಯವ’ ಅಂದರೆ ಯಾರೂ ತಲೆ ಎತ್ತಿ ನೋಡಲ್ಲ. ‘ಜವಾರಿ’ ಅನ್ನಿ, ನಾಲ್ಕು ಕಡೆಯಿಂದ ಕರೀತಾರೆ. ಜವಾರಿ ಸೌತೆ, ಜವಾರಿ ಬದನೆ, ಜವಾರಿ ಟೊಮ್ಯಾಟೊ, ಜವಾರಿ ಮೆಣಸಿನಕಾಯಿ. ನಾನು ಕೇಳಿದ್ದು ಇಷ್ಟೇ: “ಎಣ್ಣಿ ಹೊಡದೀರೇನ ಯಕ್ಕಾ?” ಬದನೆಕಾಯಿ ಗುಡ್ಡೆ ಹಾಕಿಕೊಂಡು ಕೂತಿದ್ದ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. “ಹೊಡೀಲಿಲ್ಲಂದ್ರ ಹುಳ ಬಿಡ್ತಾವೇನ್ರಿ? ಮನೀಗಂತ ಒಂದ್ ಸಾಲ ಬ್ಯಾರೆ ಬಿಟ್ಟೀವಿ. ಅದಕ್ಕ ಹೊಡ್ಯಂಗಿಲ್ಲ.”

ಈ ಉತ್ತರ ಹೊಸದೇನಲ್ಲ. ಹಾವೇರಿ ಜಿಲ್ಲೆಯಲ್ಲಿ ಮಾತ್ರ ಅಲ್ಲ, ತರಕಾರಿ ಬೆಳೆಯುವ ಯಾವ ಊರಿಗೆ ಹೋದರೂ ಕೇಳಿಸುತ್ತೆ. ಮನೆಗೆ ಒಂದು ಸಾಲು, ಮಾರಾಟಕ್ಕೆ ಉಳಿದ ಸಾಲು. ಇದನ್ನು ಮೋಸ ಅಂತ ಬೈಯೋದು ಸುಲಭ. ಆದರೆ ಆ ಮನೆಯ ಸಾಲಿನ ಬದನೆಕಾಯಿಯನ್ನು ಆಕೆ ಸಂತೆಗೆ ತಂದರೆ ನಾವು ಎಷ್ಟು ಕೊಡಬೇಕಾಗುತ್ತೆ? ಅಂಗಡಿಯಲ್ಲಿ ‘ಸಾವಯವ’ ಅಂತ ಚೀಟಿ ಅಂಟಿಸಿದ ಅಕ್ಕಿ, ಬೇಳೆ, ಖಾರದಪುಡಿಗೆ ಒಂದೂವರೆ ಪಟ್ಟು, ಎರಡು ಪಟ್ಟು ಬೆಲೆ ಯಾಕೆ? ಆ ಹೆಚ್ಚುವರಿ ದುಡ್ಡಿಗೆ ನಮಗೆ ಸಿಗೋದೇನು?

ಮೊದಲು ಪದಗಳನ್ನು ಬಿಡಿಸಿಕೊಳ್ಳೋಣ. ‘ಜವಾರಿ’ ಅನ್ನೋದು ಬೀಜದ ಮಾತು. ಅಂದರೆ ಹೈಬ್ರಿಡ್ ಅಲ್ಲ, ಇಲ್ಲಿನದೇ ತಳಿ. ಅದಕ್ಕೆ ಯೂರಿಯಾ ಹಾಕಿದ್ದಾರೋ, ವಾರಕ್ಕೊಮ್ಮೆ ಔಷಧ ಹೊಡೆದಿದ್ದಾರೋ ಅನ್ನೋದನ್ನು ಆ ಪದ ಹೇಳಲ್ಲ. ‘ಸಾವಯವ’ ಅನ್ನೋದು ಬೆಳೆದ ರೀತಿಯ ಮಾತು. ಹೈಬ್ರಿಡ್ ಬೀಜವನ್ನೂ ಸಾವಯವ ಕ್ರಮದಲ್ಲಿ ಬೆಳೆಯಬಹುದು, ಕುಲಾಂತರಿ ಮಾತ್ರ ಆಗಲ್ಲ. ಸಾವಯವ ಅಂದರೆ ಏನನ್ನೂ ಸಿಂಪಡಿಸಿಲ್ಲ ಅಂತಲೂ ಅಲ್ಲ. ಬೇವಿನ ಕಷಾಯ, ಕೆಲವು ಜೈವಿಕ ಕೀಟನಾಶಕ, ಮಿತಿಯೊಳಗೆ ತಾಮ್ರದ ದ್ರಾವಣ ಎಲ್ಲಕ್ಕೂ ಅವಕಾಶ ಇದೆ. ಇನ್ನು ‘ನೈಸರ್ಗಿಕ’, ‘ವಿಷಮುಕ್ತ’, ‘ನಾಟಿ’, ‘ಫಾರ್ಮ್ ಫ್ರೆಶ್’ ಇವೆಲ್ಲ ಪ್ಯಾಕೆಟ್ ಮೇಲೆ ಚೆಂದ ಕಾಣುವ ಪದಗಳು. ಭಾರತದಲ್ಲಿ ಪ್ಯಾಕೆಟ್ ಮೇಲಿನ ‘ಸಾವಯವ’ಕ್ಕೆ ಕಾನೂನಿನ ಬೆಂಬಲ ಬಂದದ್ದು ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳಿಂದ. ‘ಜೈವಿಕ್ ಭಾರತ್’ ಚಿಹ್ನೆ ಆಗ ಬಂದದ್ದು.

ಸರಕಾರಿ ಗೊಬ್ಬರದ ಲೆಕ್ಕ

ನಮ್ಮ ಕಡೆ ಹಳಬರು ರಾಸಾಯನಿಕ ಗೊಬ್ಬರಕ್ಕೆ ‘ಸರಕಾರಿ ಗೊಬ್ಬರ’ ಅಂತಿದ್ದರು. ಇದಕ್ಕಿಂತ ನಿಖರವಾದ ಅರ್ಥಶಾಸ್ತ್ರದ ಪದ ನನಗೆ ಗೊತ್ತಿಲ್ಲ. 45 ಕೆಜಿ ಯೂರಿಯಾ ಚೀಲಕ್ಕೆ ರೈತ ಕೊಡೋದು ಸುಮಾರು 266 ರೂಪಾಯಿ. ಸರ್ಕಾರವೇ ಹೇಳುವ ಪ್ರಕಾರ ಆ ಚೀಲದ ನಿಜವಾದ ವೆಚ್ಚ 2,000 ರೂಪಾಯಿ ದಾಟುತ್ತೆ. ಉಳಿದದ್ದು ನಮ್ಮ ನಿಮ್ಮ ತೆರಿಗೆ. ಯುಕ್ರೇನ್ ಯುದ್ಧದ ವರ್ಷ, 2022-23ರಲ್ಲಿ, ಕೇಂದ್ರದ ರಸಗೊಬ್ಬರ ಸಬ್ಸಿಡಿ 2.5 ಲಕ್ಷ ಕೋಟಿ ರೂಪಾಯಿ ಮುಟ್ಟಿತ್ತು.

ಇಂಜಿನಿಯರಿಂಗ್ ಓದಿದ ಚಟ, ಒಂದು ಸಣ್ಣ ಲೆಕ್ಕ ಮಾಡಿಬಿಡ್ತೀನಿ. ಯೂರಿಯಾದಲ್ಲಿ ಸಾರಜನಕ 46%. ಅಂದರೆ ಒಂದು ಚೀಲದಲ್ಲಿ ಸುಮಾರು 20.7 ಕೆಜಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಅಂದಾಜು 0.5%. ಹಾಗಾದರೆ ಒಂದು ಚೀಲ ಯೂರಿಯಾದಷ್ಟು ಸಾರಜನಕ ಬೇಕು ಅಂದರೆ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಬೇಕು. ಚೀಲ ಆದರೆ ಬೈಕ್ ಮೇಲೆ ಅಡ್ಡ ಹಾಕಿಕೊಂಡು ಬರಬಹುದು. ನಾಲ್ಕು ಟನ್‌ಗೆ ಟ್ರ್ಯಾಕ್ಟರ್ ಬೇಕು, ತುಂಬೋಕೆ ಆಳು ಬೇಕು, ಹೊಲದಲ್ಲಿ ಹರಡೋಕೆ ಮತ್ತೆ ಆಳು ಬೇಕು. ಕೊಟ್ಟಿಗೆ ಗೊಬ್ಬರ ಸಾರಜನಕ ಮಾತ್ರ ಕೊಡಲ್ಲ, ಮಣ್ಣಿಗೆ ಇಂಗಾಲ ಕೊಡುತ್ತೆ, ನೀರು ಹಿಡಿಯುವ ಗುಣ ಕೊಡುತ್ತೆ, ಅದೆಲ್ಲ ನಿಜ. ಆದರೆ ನಿಧಾನಕ್ಕೆ ಕೊಡುತ್ತೆ. ಸೊಸೈಟಿ ಸಾಲದ ಕಂತು ಅಷ್ಟು ನಿಧಾನಕ್ಕೆ ಬರಲ್ಲ.

ಆ ನಾಲ್ಕು ಟನ್ ತಿಪ್ಪೆ ಎಲ್ಲಿಂದ ಬರಬೇಕು? ದನದಿಂದ. ದನ ಎಲ್ಲಿವೆ? ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಜೋಡಿ ಇಟ್ಟುಕೊಳ್ಳುವ ಮನೆಗಳು ಕಡಿಮೆಯಾದವು. ಅದರ ಮೇಲೆ 2020ರ ಗೋಹತ್ಯೆ ನಿಷೇಧ ಕಾಯ್ದೆ. ವಯಸ್ಸಾದ ಎತ್ತನ್ನು, ಬತ್ತಿದ ಹಸುವನ್ನು ಮಾರಿ ಇನ್ನೊಂದನ್ನು ಕೊಳ್ಳುವ ರೈತನ ಚಕ್ರಕ್ಕೆ ಅದು ಅಡ್ಡಗಾಲು ಹಾಕಿತು. ಮಾರಲಾಗದ ಪ್ರಾಣಿಯನ್ನು ಸಾಕುವ ಧೈರ್ಯ ಎರಡು ಎಕರೆಯವನಿಗೆ ಎಲ್ಲಿಂದ ಬರಬೇಕು? ಗೋವಿನ ಹೆಸರಲ್ಲಿ ಸಾವಯವದ ಭಾಷಣ ಮಾಡುವವರೇ ಸಾವಯವಕ್ಕೆ ಬೇಕಾದ ಸಗಣಿಯನ್ನು ತುಟ್ಟಿ ಮಾಡಿದ್ದಾರೆ. ಇದನ್ನು ಸಾವಯವ ಮೇಳಗಳ ವೇದಿಕೆ ಮೇಲೆ ಯಾರೂ ಹೇಳಲ್ಲ.

ಹಾಗಂತ ರೈತನಿಗೆ ‘ನಾಳೆಯಿಂದ ಯೂರಿಯಾ ಬಿಡು’ ಅನ್ನೋದು ಕ್ರೂರ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಷೇಧಿಸಿ, ಇಳುವರಿ ಕುಸಿಯುವ ಭೀತಿ ಮತ್ತು ರೈತರ ಪ್ರತಿಭಟನೆಗೆ ಬಗ್ಗಿ ಅದೇ ವರ್ಷ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ನಮ್ಮ ಜಿಲ್ಲೆಗಂತೂ ಈ ವಿಷಯ ಪುಸ್ತಕದ್ದಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಬಿತ್ತನೆ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ರೈತರು ಜೀವ ಬಿಟ್ಟರು. ಗೊಬ್ಬರಕ್ಕಾಗಿ ಗುಂಡೇಟು ತಿಂದ ಊರಿನವರಿಗೆ ‘ಗೊಬ್ಬರ ವಿಷ’ ಅಂತ ಬೆಂಗಳೂರಿನಿಂದ ಬೋಧನೆ ಮಾಡುವ ಮೊದಲು ಸ್ವಲ್ಪ ತಡವರಿಸಬೇಕು.

ಎರಡು ವರ್ಷದ ಕಂದಕ

ಬೆಲೆ ಹೆಚ್ಚಾಗೋಕೆ ಇನ್ನೊಂದು ಕಾರಣ ಪರಿವರ್ತನೆಯ ಅವಧಿ. ರಫ್ತಿಗೂ ದೊಡ್ಡ ಕಂಪನಿಗಳಿಗೂ ಬೇಕಾದ ಪ್ರಮಾಣಪತ್ರ ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ್ದು. ಅದರ ಪ್ರಕಾರ ಜೋಳ, ಹತ್ತಿ, ಮೆಣಸಿನಕಾಯಿಯಂಥ ವಾರ್ಷಿಕ ಬೆಳೆಗೆ ಕನಿಷ್ಠ ಎರಡು ವರ್ಷ, ಮಾವು, ಅಡಿಕೆಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ರಾಸಾಯನಿಕ ಮುಟ್ಟದೆ ಕಾಯಬೇಕು. ಈ ಅವಧಿಯಲ್ಲಿ ಇಳುವರಿ ಇಳಿಯುತ್ತೆ, ಆದರೆ ಮಾಲಿಗೆ ಪೂರ್ತಿ ‘ಸಾವಯವ’ ಬೆಲೆ ಸಿಗಲ್ಲ. ಇಳುವರಿ ಎಷ್ಟು ಇಳಿಯುತ್ತೆ? 2012ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳ ಪ್ರಯೋಗಗಳನ್ನು ಒಟ್ಟು ಹಾಕಿದ ಅಧ್ಯಯನ ಬೆಳೆ ಮತ್ತು ಮಣ್ಣಿನ ಮೇಲೆ 5ರಿಂದ 34% ಅಂತ ಹೇಳಿತು. ಒಳ್ಳೆಯ ಮಣ್ಣಿನಲ್ಲಿ ಬೇಳೆಕಾಳಿನಂಥ ಬೆಳೆಗೆ ವ್ಯತ್ಯಾಸ ಕಡಿಮೆ, ಮೆಕ್ಕೆಜೋಳ, ಗೋಧಿಯಂಥವಕ್ಕೆ ಹೆಚ್ಚು.

ಈಗ ರಟ್ಟೀಹಳ್ಳಿ, ಹಿರೇಕೆರೂರಿನ ಸುತ್ತ ನೋಡಿ. ಕಣ್ಣು ಹಾಯಿಸಿದಷ್ಟೂ ಗೋವಿನಜೋಳ, ನಡುವೆ ಹತ್ತಿ. ಎರಡೂ ರಾಸಾಯನಿಕಕ್ಕೆ ಒಗ್ಗಿಹೋದ ಬೆಳೆಗಳು. ಹತ್ತಿಯಂತೂ ಬಹುತೇಕ ಪೂರ್ತಿ ಬಿಟಿ, ಅದಕ್ಕೆ ಸಾವಯವದ ಬಾಗಿಲೇ ಮುಚ್ಚಿದೆ. ಗೋವಿನಜೋಳ ಹೋಗೋದು ಹೆಚ್ಚಾಗಿ ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ, ಈಗ ಎಥೆನಾಲ್‌ಗೆ. ಎಥೆನಾಲ್ ಕಾರ್ಖಾನೆಗೆ ಸಾವಯವ ಆದರೇನು, ಅಲ್ಲದಿದ್ದರೇನು? ಹೆಚ್ಚಿನ ಬೆಲೆ ಕೊಡುವ ಗಿರಾಕಿಯೇ ಇಲ್ಲದ ಬೆಳೆಯಲ್ಲಿ ಊರಿಗೆ ಊರೇ ಮುಳುಗಿರುವಾಗ, ಎರಡು ವರ್ಷದ ಕಂದಕ ದಾಟೋಕೆ ಯಾರು ಕೈ ಹಿಡೀಬೇಕು? 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಅಂತ ಘೋಷಣೆಯಾಯಿತು. ಅದನ್ನೇ ಕೊಡಿಸಿ ಅಂತ ಹಾವೇರಿ ಜಿಲ್ಲೆಯ ರೈತರು ಹೋರಾಡಬೇಕಾಯಿತು.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತ್ತು, 2017ರಲ್ಲಿ ಅದನ್ನು ಪರಿಷ್ಕರಿಸಿತು. ‘ಸಾವಯವ ಭಾಗ್ಯ’ ಬಂತು, ಪ್ರಾಂತೀಯ ಒಕ್ಕೂಟಗಳಾದವು, ಬೆಂಗಳೂರಿನಲ್ಲಿ ದೊಡ್ಡ ಸಿರಿಧಾನ್ಯ ಮೇಳಗಳಾದವು. ಕೇಂದ್ರ 2024ರ ನವೆಂಬರ್‌ನಲ್ಲಿ ನೈಸರ್ಗಿಕ ಕೃಷಿ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು, ಮೊತ್ತ 2,481 ಕೋಟಿ ರೂಪಾಯಿ. ದೊಡ್ಡದು ಅನಿಸುತ್ತಾ? ಮೇಲಿನ ರಸಗೊಬ್ಬರ ಸಬ್ಸಿಡಿಯ ಪಕ್ಕ ಇಟ್ಟು ನೋಡಿ. ನೂರಕ್ಕೆ ಒಂದು ರೂಪಾಯಿ. ಅದೂ ಒಂದು ವರ್ಷದ ಸಬ್ಸಿಡಿಗೆ ಹೋಲಿಸಿ.

ಅಂದರೆ ಅಂಗಡಿಯಲ್ಲಿ ಎರಡು ಬೆಲೆ ನೋಡಿ ‘ಸಾವಯವ ಯಾಕಿಷ್ಟು ದುಬಾರಿ’ ಅಂತ ಕೇಳೋದು ಅರ್ಧ ಪ್ರಶ್ನೆ. ಇನ್ನೊಂದು ಪ್ಯಾಕೆಟ್ ಯಾಕಿಷ್ಟು ಅಗ್ಗ ಅನ್ನೋದು ಉಳಿದರ್ಧ. ಅದರ ಬಿಲ್ಲಿನ ಒಂದು ಭಾಗವನ್ನು ನೀವು ತೆರಿಗೆಯಲ್ಲಿ ಆಗಲೇ ಕಟ್ಟಿದ್ದೀರಿ.

ಆದರೆ ಇಡೀ ವ್ಯತ್ಯಾಸ ರೈತನಿಗೆ ಹೋಗುತ್ತೆ ಅಂದುಕೊಂಡರೆ ಅದೂ ತಪ್ಪು. 2015ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಐದು ಖಂಡಗಳ 55 ಬೆಳೆಗಳ ಲೆಕ್ಕ ಹಾಕಿತ್ತು. ಸಾವಯವ ರೈತ ಉಳಿದವರಷ್ಟೇ ಲಾಭ ಮಾಡೋಕೆ ಬೇಕಾದ ಹೆಚ್ಚುವರಿ ಬೆಲೆ ಬರೀ 5ರಿಂದ 7%. ಅಲ್ಲಿ ಆತನಿಗೆ ಸಿಗುತ್ತಿದ್ದದ್ದು 30%ರ ಆಸುಪಾಸು. ಆ ಲೆಕ್ಕವನ್ನು ಹಾಗೇ ತಂದು ರಟ್ಟೀಹಳ್ಳಿಗೆ ಅಂಟಿಸೋಕೆ ಬರಲ್ಲ. ಆದರೆ ನಾವು ಇಲ್ಲಿ ಕೊಡುತ್ತಿರೋದು 50ರಿಂದ 100% ಹೆಚ್ಚು. ಹೊಲದ ಖರ್ಚು ಒಂದೇ ಇದನ್ನು ವಿವರಿಸಲ್ಲ. ಉಳಿದದ್ದು ದಾರಿಯಲ್ಲಿ ಸೋರುತ್ತೆ: ಪ್ರಮಾಣಪತ್ರದ ಶುಲ್ಕ, ಸಣ್ಣ ಪ್ರಮಾಣದ ಸಾಗಾಟ, ಹುಳ ಬಿದ್ದು ಹಾಳಾದ ಮಾಲು, ಚೆಂದದ ಪ್ಯಾಕೆಟ್, ನಗರದ ಅಂಗಡಿ ಬಾಡಿಗೆ, ಮಾರಾಟವಾಗದೆ ಉಳಿದದ್ದು. ಸಾವೆ, ನವಣೆಯಂಥ ಕಾಳುಗಳಲ್ಲಿ ಇನ್ನೊಂದು ಕತೆ. ಹೊಟ್ಟು ತೆಗೆಯುವಾಗ ಮೂರನೇ ಒಂದರಷ್ಟು ತೂಕ ಹೋಗುತ್ತೆ, ಹೊಟ್ಟು ತೆಗೆದ ಅಕ್ಕಿ ಬೇಗ ಮುಗ್ಗಲು ಹಿಡಿಯುತ್ತೆ, ಆ ಯಂತ್ರ ಪ್ರತಿ ಊರಲ್ಲೂ ಇಲ್ಲ.

ಸಿಗೋದೇನು?

ಈಗ ಮೌಲ್ಯದ ಮಾತು. ಸಾವಯವ ತಿಂದರೆ ಪೌಷ್ಟಿಕಾಂಶ ಜಾಸ್ತಿ ಸಿಗುತ್ತಾ? 2012ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ನೂರಾರು ಅಧ್ಯಯನಗಳನ್ನು ಪರಿಶೀಲಿಸಿ, ಗಟ್ಟಿ ಪುರಾವೆ ಇಲ್ಲ ಅಂದರು. 2014ರಲ್ಲಿ ಬ್ರಿಟನ್‌ನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ನೇತೃತ್ವದ ತಂಡ 343 ಅಧ್ಯಯನಗಳನ್ನು ನೋಡಿ, ಸಾವಯವ ಬೆಳೆಯಲ್ಲಿ ಆ್ಯಂಟಿಆಕ್ಸಿಡೆಂಟ್ ಹೆಚ್ಚು, ಕ್ಯಾಡ್ಮಿಯಂ ಕಡಿಮೆ ಅಂತು. ಇಬ್ಬರೂ ಒಪ್ಪಿದ್ದು ಒಂದನ್ನು: ಕೀಟನಾಶಕದ ಉಳಿಕೆ ಸಾವಯವದಲ್ಲಿ ಸ್ಪಷ್ಟವಾಗಿ ಕಡಿಮೆ. ಆದ್ದರಿಂದ ‘ಸಕ್ಕರೆ ಕಾಯಿಲೆ ಹೋಗುತ್ತೆ, ಕ್ಯಾನ್ಸರ್ ಬರಲ್ಲ’ ಅಂತ ವಾಟ್ಸಾಪ್‌ನಲ್ಲಿ ಬರೋದನ್ನು ನಂಬಿ ಖರೀದಿ ಮಾಡಬೇಡಿ. ಉಳಿಕೆ ಕಡಿಮೆ ಅನ್ನೋದಕ್ಕಾಗಿ ಮಾಡಿದರೆ ಅರ್ಥ ಇದೆ.

ಹಾಗಾದರೆ ಎಲ್ಲವನ್ನೂ ಸಾವಯವವೇ ಕೊಳ್ಳಬೇಕಾ? ಇಲ್ಲ. ಮಳೆಯಾಶ್ರಿತ ಸಾವೆ, ನವಣೆ, ಹಿಂಗಾರಿ ಬಿಳಿಜೋಳಕ್ಕೆ ನಮ್ಮ ಕಡೆ ಔಷಧ ಹೊಡೆಯೋದೇ ಕಡಿಮೆ. ಅವುಗಳ ಮೇಲಿನ ಸಾವಯವ ಚೀಟಿಗೆ ಎರಡು ಪಟ್ಟು ಕೊಡೋದು ಹೆಚ್ಚುಕಡಿಮೆ ಚೀಟಿಗೆ ಕೊಡುವ ದುಡ್ಡು. ಮೆಣಸಿನಕಾಯಿ, ಬದನೆ, ಬೆಂಡೆ, ಹೂಕೋಸು, ದ್ರಾಕ್ಷಿ ಹಾಗಲ್ಲ. ಇವು ಮತ್ತೆ ಮತ್ತೆ ಸಿಂಪಡಣೆ ಕಾಣುವ ಬೆಳೆಗಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೆ ಆ ಮುದ್ರೆಯೂ ‘ಜವಾರಿ’ ಪದದ ಹಾಗೇ, ತಳಿ ಮತ್ತು ನೆಲದ ಗುರುತು ಅಷ್ಟೇ, ಔಷಧದ ಲೆಕ್ಕ ಅಲ್ಲ. ಇನ್ನು ಖಾರದಪುಡಿಯನ್ನು ತೊಳೆದು ತಿನ್ನೋಕಾಗಲ್ಲ. ಆದ್ದರಿಂದ ಕೈಯಲ್ಲಿ ಸ್ವಲ್ಪವೇ ಹೆಚ್ಚುವರಿ ದುಡ್ಡಿದ್ದರೆ ನಾನು ಅದನ್ನು ಜೋಳಕ್ಕಲ್ಲ, ಮೆಣಸಿನಕಾಯಿಗೆ ಹಾಕ್ತೀನಿ. ವರ್ಷಕ್ಕೆ ಒಂದು ಮನೆಗೆ ಬೇಕಾಗೋದು ಕೆಲವೇ ಕೆಜಿ.

ನಿಜ ಹೇಳಬೇಕು ಅಂದರೆ, ಈ ಇಡೀ ಚರ್ಚೆ ತಿನ್ನುವವರ ಹೊಟ್ಟೆಯ ಸುತ್ತಲೇ ಸುತ್ತುತ್ತಿರೋದೇ ನನಗೆ ಸಮಸ್ಯೆ. ನಮ್ಮ ತಟ್ಟೆಗೆ ಬರೋದು ಉಳಿಕೆ. ಬೆನ್ನಿಗೆ ಪಂಪು ಕಟ್ಟಿಕೊಂಡು, ಬರಿಗಾಲಲ್ಲಿ, ಬಾಯಿಗೆ ಟವೆಲ್ ಸುತ್ತಿಕೊಂಡು ಹೊಡೆಯುವವನ ಮೈಗೆ ಬೀಳೋದು ಅಸಲು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿ ಹೊಲಕ್ಕೆ ಕೀಟನಾಶಕ ಸಿಂಪಡಿಸುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಯವರು ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅದೇ ಹತ್ತಿ ನಮ್ಮಲ್ಲೂ ಬೆಳೆಯುತ್ತೆ. ಸಿಂಪಡಣೆಗೆ ಹೋಗುವವರು ಬಹಳ ಸಲ ಹೊಲದ ಮಾಲೀಕರೂ ಅಲ್ಲ, ದಿನಗೂಲಿಯವರು. ಹಳ್ಳಿಯಲ್ಲಿ ಆ ಕೂಲಿ ಯಾವ ಕೇರಿಯಿಂದ ಬರುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸಾವಯವಕ್ಕೆ ಕೊಡುವ ಹೆಚ್ಚುವರಿ ದುಡ್ಡು ಏನನ್ನಾದರೂ ಕೊಳ್ಳುತ್ತೆ ಅಂದರೆ, ಮೊದಲು ಆತನ ಆರೋಗ್ಯವನ್ನು ಕೊಳ್ಳಬೇಕು. ಪ್ಯಾಕೆಟ್ ಮೇಲೆ ‘ನಿಮ್ಮ ಕುಟುಂಬಕ್ಕಾಗಿ’ ಅಂತಿರುತ್ತೆ. ಆತನ ಕುಟುಂಬದ ಸುದ್ದಿ ಇರಲ್ಲ.

ಯಾರಿಗೆ ಕೊಳ್ಳೋಕಾಗುತ್ತೆ?

ಕೇಂದ್ರದ ಗೃಹಬಳಕೆ ವೆಚ್ಚ ಸಮೀಕ್ಷೆ 2023-24ರ ಪ್ರಕಾರ ದೇಶದ ಹಳ್ಳಿಗಳಲ್ಲಿ ಒಬ್ಬರ ಸರಾಸರಿ ತಿಂಗಳ ಖರ್ಚು 4,122 ರೂಪಾಯಿ. ಅದರಲ್ಲಿ 47% ಆಹಾರಕ್ಕೆ. ನಾಲ್ಕು ಜನರ ಮನೆಗೆ ಹೆಚ್ಚುಕಡಿಮೆ 7,750 ರೂಪಾಯಿ. ಇದೆಲ್ಲವನ್ನೂ ಒಂದೂವರೆ ಪಟ್ಟು ಮಾಡಿದರೆ ತಿಂಗಳಿಗೆ ಇನ್ನೂ 3,900 ಬೇಕು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370. ಅಂದರೆ ಹತ್ತೂವರೆ ದಿನದ ಕೂಲಿ. ಆಗದ ಮಾತು.

ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲು ಇದೆ. ಹಳ್ಳಿ ಮನೆಯ ಖರ್ಚಿನಲ್ಲಿ ಅಕ್ಕಿ, ಜೋಳದಂಥ ಧಾನ್ಯಗಳ ಪಾಲು ಸುಮಾರು 5%. ಚಹಾ, ಪಾನೀಯ, ಬಿಸ್ಕಿಟ್, ಚಿಪ್ಸ್, ಹೋಟೆಲ್ ತಿಂಡಿ ಸೇರಿದ ಸಂಸ್ಕರಿತ ಆಹಾರದ ಪಾಲು ಸುಮಾರು 10%. ನಗರದಲ್ಲಿ ಇದು 11% ದಾಟುತ್ತೆ. ರೇಷನ್ ಅಕ್ಕಿ ಪುಕ್ಕಟೆ ಬರೋದರಿಂದ ಧಾನ್ಯದ ಪಾಲು ಇಷ್ಟು ಕಮ್ಮಿ ಅನ್ನೋದು ಸರಿ. ಹಾಗಿದ್ದೂ, ತಿಂಗಳಿಗೆ ಮೂವತ್ತು ನಲವತ್ತು ಸಾವಿರ ಸಂಬಳ ತಗೊಂಡು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ನಮ್ಮಂಥವರು ‘ಸಾವಯವ ಬೇಳೆ ದುಬಾರಿ’ ಅಂತ ಹೇಳುವಾಗ, ಡೆಲಿವರಿ ಆ್ಯಪ್‌ನ ಹೋದ ತಿಂಗಳ ಬಿಲ್ ಒಮ್ಮೆ ತೆರೆದು ನೋಡಬಹುದು. ನಾನು ನೋಡಿದೆ. ಎಷ್ಟಿತ್ತು ಅಂತ ಇಲ್ಲಿ ಬರೆಯಲ್ಲ.

ಕೂಲಿ ಮನೆಗೆ ಈ ಉಪದೇಶ ನಡೆಯಲ್ಲ. ಅಲ್ಲಿ ದೊಡ್ಡ ಗಿರಾಕಿ ಒಬ್ಬನೇ: ಸರ್ಕಾರ. ರೇಷನ್, ಬಿಸಿಯೂಟ, ಅಂಗನವಾಡಿ, ಹಾಸ್ಟೆಲ್ ಎಲ್ಲ ಸೇರಿದರೆ ಅದಕ್ಕಿಂತ ದೊಡ್ಡ ಕಿರಾಣಿ ಪಟ್ಟಿ ರಾಜ್ಯದಲ್ಲಿ ಇನ್ಯಾರದೂ ಇಲ್ಲ. ಒಡಿಶಾ 2017ರಿಂದ ತನ್ನ ಸಿರಿಧಾನ್ಯ ಮಿಷನ್‌ನಲ್ಲಿ ಆದಿವಾಸಿ ರೈತರ ರಾಗಿಯನ್ನು ಬೆಂಬಲ ಬೆಲೆಗೆ ಕೊಂಡು ರೇಷನ್‌ಗೆ ಕೊಟ್ಟಿದೆ, ಅಂಗನವಾಡಿ ಮಕ್ಕಳಿಗೆ ರಾಗಿ ಲಾಡು ಮಾಡಿಸಿದೆ. ನಮ್ಮ ಸರ್ಕಾರವೂ ರಾಗಿ ಕೊಳ್ಳುತ್ತೆ. ಹಾವೇರಿ ಜಿಲ್ಲೆಯ ಹಾಸ್ಟೆಲ್‌ಗಳಿಗೆ ಇದೇ ಜಿಲ್ಲೆಯ ಔಷಧ ಹೊಡೆಯದ ತರಕಾರಿ, ಸಾವೆ ಅಕ್ಕಿ ಕೊಳ್ತೀವಿ ಅಂತ ಮೂರು ವರ್ಷಕ್ಕೆ ಬರೆದುಕೊಟ್ಟರೆ, ಆ ಎರಡು ವರ್ಷದ ಕಂದಕದ ಮೇಲೆ ಸೇತುವೆ ಆಗುತ್ತೆ. ಇದನ್ನು ಕೇಳಬೇಕಾದದ್ದು ಜಿಲ್ಲಾ ಪಂಚಾಯಿತಿಯಲ್ಲಿ, ಸೂಪರ್ ಮಾರ್ಕೆಟ್‌ನಲ್ಲಿ ಅಲ್ಲ.

ನಂಬಿಕೆಯ ವಿಷಯ ಉಳಿಯಿತು. ಚೀಟಿ ಇದ್ದರೆ ಸಾಕಾ? 2021ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದ ಸಾವಯವ ಮಾನ್ಯತಾ ವ್ಯವಸ್ಥೆಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ವಾಪಸ್ ತಗೊಂಡಿತು. ದೊಡ್ಡ ಪ್ರಮಾಣಪತ್ರಕ್ಕೂ ಆ ಗತಿ ಬಂದಿದೆ. ಅದಕ್ಕೆ ಪರ್ಯಾಯವಾಗಿ ಕೃಷಿ ಇಲಾಖೆಯ ಪಿಜಿಎಸ್ ಅನ್ನೋ ವ್ಯವಸ್ಥೆ ಇದೆ. ಐದು ಅಥವಾ ಹೆಚ್ಚು ರೈತರ ಗುಂಪು, ಒಬ್ಬರ ಹೊಲವನ್ನು ಇನ್ನೊಬ್ಬರು ಪರೀಕ್ಷೆ ಮಾಡೋದು, ಖರ್ಚು ಕಡಿಮೆ. ಇನ್ನು ಸಣ್ಣ ರೈತ ತಾನೇ ಬೆಳೆದದ್ದನ್ನು ನೇರ ಗ್ರಾಹಕನಿಗೆ ಮಾರಿದರೆ ಪ್ರಮಾಣಪತ್ರ ಕಡ್ಡಾಯವಲ್ಲ ಅಂತ 2017ರ ನಿಯಮಗಳೇ ವಿನಾಯಿತಿ ಕೊಟ್ಟಿವೆ. ಅಂದರೆ ಸಂತೆಯ ಯಕ್ಕ ತನ್ನ ಮನೆಯ ಸಾಲಿನ ಬದನೆಕಾಯಿ ಮಾರೋಕೆ ಯಾರ ಮುದ್ರೆಯೂ ಬೇಕಿಲ್ಲ. ಬೇಕಾದದ್ದು ಪ್ರತಿ ವಾರ ಬರುವ ಖಾಯಂ ಗಿರಾಕಿ.

ಪಕ್ಕದ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದಲ್ಲಿ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದವರು ಸಿರಿಧಾನ್ಯದ ಬೀಜ ಬ್ಯಾಂಕ್ ಕಟ್ಟಿ, ಕಾಳು ಸಂಸ್ಕರಿಸುವ ಘಟಕವನ್ನೂ ನಡೆಸುತ್ತಿದ್ದಾರೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಪ್ರಶಸ್ತಿಗಿಂತ ನನಗೆ ಮುಖ್ಯ ಅನಿಸಿದ್ದು ಅವರು ಬೀಜ, ಬೆಳೆ, ಹೊಟ್ಟು ತೆಗೆಯೋದು ಎಲ್ಲವನ್ನೂ ಹತ್ತಿರದಲ್ಲೇ ಇಟ್ಟುಕೊಂಡದ್ದು. ಮೇಲೆ ಹೇಳಿದ ಸೋರಿಕೆಯ ಕೆಲವು ತೂತುಗಳು ಅಲ್ಲಿ ಮುಚ್ಚುತ್ತವೆ.

ಸಂತೆಯಲ್ಲಿ ಹೊರಡುವ ಮೊದಲು ಆ ಯಕ್ಕನನ್ನು ಕೇಳಿದೆ. ಮನೆ ಸಾಲಿನ ಬದನೆಕಾಯಿ ಕೊಡ್ತೀರಾ, ಎಷ್ಟು ತಗೋತೀರಿ ಅಂತ. ಆಕೆ ಸ್ವಲ್ಪ ಹೊತ್ತು ಯೋಚಿಸಿದಳು. “ಹುಳಕ ಇರ್ತಾವು, ಅರ್ಧ ಒಗೀಬೇಕ. ಅರ್ಧ ಒಗದಿದ್ರ ರೊಕ್ಕಾನೂ ನೀವ ಕೊಡ್ರಿ. ಡಬಲ್ ಆಕ್ಕೇತಿ. ಒಂದ್ ವಾರ ತಗೊಂಡು ಮುಂದಿನ ವಾರ ಬರಲಿಲ್ಲಂದ್ರ ಮಾತ್ರ ನಾ ಹಾಕಂಗಿಲ್ಲ ನೋಡ್ರಿ.”